ಎರಡನೆಯ ಮಹಾಯುದ್ಧ: ಮಿತ್ರರು ಯಾರು, ಶತ್ರುಗಳು ಯಾರು?

ಎರಡನೆಯ ಮಹಾಯುದ್ಧದ ಪಾಠ ಓದುವಾಗ ನೀವು ಒಂದು ಪಟ್ಟಿಯನ್ನು ಬಾಯಿಪಾಠ ಮಾಡಿರುತ್ತೀರಿ. ಒಂದು ಕಡೆ ಜರ್ಮನಿ, ಇಟಲಿ ಮತ್ತು ಜಪಾನ್. ಇವು ಅಕ್ಷರಾಷ್ಟ್ರಗಳು. ಇನ್ನೊಂದು ಕಡೆ ಬ್ರಿಟನ್, ಫ್ರಾನ್ಸ್, ಸೋವಿಯತ್ ಒಕ್ಕೂಟ, ಅಮೆರಿಕ ಮತ್ತು ಚೀನಾ. ಇವು ಮಿತ್ರರಾಷ್ಟ್ರಗಳು. ಎರಡು ಅಂಕದ ಪ್ರಶ್ನೆಗೆ ಇಷ್ಟು ಬರೆದರೆ ಸಾಕು. ಆದರೆ ಈ ಪಟ್ಟಿ ಯುದ್ಧ ಆರಂಭವಾದ ದಿನದ್ದಲ್ಲ ಎಂಬುದನ್ನು ನೀವು ಗಮನಿಸಿದ್ದೀರಾ? ಅದು 1941ರ ಡಿಸೆಂಬರ್ ತಿಂಗಳಿನಿಂದ ಈಚಿನ ಪಟ್ಟಿ.

1939ರ ಸೆಪ್ಟೆಂಬರ್ 1ರಂದು ಜರ್ಮನಿ ಪೋಲೆಂಡಿನ ಮೇಲೆ ದಾಳಿ ಮಾಡಿದಾಗ ಪರಿಸ್ಥಿತಿ ಬೇರೆಯೇ ಇತ್ತು. ಸೋವಿಯತ್ ಒಕ್ಕೂಟವು ಜರ್ಮನಿಯೊಡನೆ ಒಪ್ಪಂದ ಮಾಡಿಕೊಂಡು ಇನ್ನೂ ಹತ್ತು ದಿನ ಕಳೆದಿರಲಿಲ್ಲ. ಇಟಲಿ ಯುದ್ಧಕ್ಕೆ ಇಳಿಯದೆ 1940ರ ಜೂನ್ 10ರವರೆಗೆ ಕಾದು ನೋಡಿತು. ಜಪಾನ್ 1937ರಿಂದ ಚೀನಾದೊಡನೆ ಹೋರಾಡುತ್ತಿತ್ತು. ಯೂರೋಪಿನ ಯುದ್ಧದಲ್ಲಿ ಅದು ಕೈಹಾಕಲಿಲ್ಲ. ಅಮೆರಿಕ ತಟಸ್ಥವಾಗಿತ್ತು. ಹಾಗಾದರೆ ನಾವು ಕಲಿತ ಎರಡು ಗುಂಪುಗಳು ರೂಪುಗೊಂಡದ್ದು ಹೇಗೆ? ಪರಸ್ಪರ ದ್ವೇಷಿಸುತ್ತಿದ್ದ ಸಿದ್ಧಾಂತಗಳು ಕೈಕುಲುಕಿದ್ದು ಏಕೆ? ಆ ಕೈಕುಲುಕಾಟಕ್ಕೆ ಬೆಲೆ ತೆತ್ತವರು ಯಾರು? ಈ ಮೂರು ಪ್ರಶ್ನೆಗಳನ್ನು ಇಲ್ಲಿ ವಿಚಾರ ಮಾಡೋಣ.

ಮೂರು ಸಿದ್ಧಾಂತಗಳು

ಮೊದಲನೆಯ ಮಹಾಯುದ್ಧ ಮುಗಿದ ಮೇಲೆ ಯೂರೋಪಿನಲ್ಲಿ ಮೂರು ರಾಜಕೀಯ ವಿಚಾರಧಾರೆಗಳು ಎದುರುಬದುರಾಗಿ ನಿಂತವು. ಮೊದಲನೆಯದು ಬ್ರಿಟನ್ ಮತ್ತು ಫ್ರಾನ್ಸ್ ಪ್ರತಿನಿಧಿಸುತ್ತಿದ್ದ ಸಂಸದೀಯ ಪ್ರಜಾಪ್ರಭುತ್ವ. ಚುನಾವಣೆ, ಪತ್ರಿಕಾ ಸ್ವಾತಂತ್ರ್ಯ, ಖಾಸಗಿ ಆಸ್ತಿ ಇವು ಅದರ ಆಧಾರಗಳು. ಆದರೆ ಇದೇ ದೇಶಗಳು ಏಷ್ಯಾ ಮತ್ತು ಆಫ್ರಿಕಾದಲ್ಲಿ ಕೋಟ್ಯಂತರ ಜನರನ್ನು ಮತದಾನದ ಮಾತೇ ಇಲ್ಲದೆ ಆಳುತ್ತಿದ್ದವು. ಮನೆಯಲ್ಲಿ ಪ್ರಜಾಪ್ರಭುತ್ವ, ಹೊರಗೆ ಸಾಮ್ರಾಜ್ಯ ಎಂಬ ಈ ವೈರುಧ್ಯವನ್ನು ನೆನಪಿನಲ್ಲಿಡಿ. ಭಾರತದ ಮಾತು ಬಂದಾಗ ಇದು ಮತ್ತೆ ಎದುರಾಗುತ್ತದೆ.

ಎರಡನೆಯದು 1917ರ ರಷ್ಯಾ ಕ್ರಾಂತಿಯಿಂದ ಅಧಿಕಾರಕ್ಕೆ ಬಂದ ಕಮ್ಯೂನಿಸಂ. ಭೂಮಿ, ಕಾರ್ಖಾನೆಗಳು ಸಮಾಜದ ಸೊತ್ತಾಗಬೇಕು, ಶ್ರಮಿಕ ವರ್ಗ ಆಳಬೇಕು ಎಂಬುದು ಅದರ ಗುರಿ. ಆಚರಣೆಯಲ್ಲಿ ಅದು ಒಂದೇ ಪಕ್ಷದ, ಸ್ಟಾಲಿನ್ ಕಾಲಕ್ಕೆ ಒಬ್ಬನೇ ವ್ಯಕ್ತಿಯ ಆಳ್ವಿಕೆಯಾಯಿತು. ಮೂರನೆಯದು ಇಟಲಿಯಲ್ಲಿ 1922ರಲ್ಲಿ ಮುಸೊಲಿನಿಯೊಡನೆ ಅಧಿಕಾರಕ್ಕೆ ಬಂದ ಫ್ಯಾಸಿಸಂ. ರಾಷ್ಟ್ರವೇ ಸರ್ವಸ್ವ, ನಾಯಕನೇ ರಾಷ್ಟ್ರದ ಧ್ವನಿ, ಭಿನ್ನಾಭಿಪ್ರಾಯವೇ ದ್ರೋಹ ಎಂಬುದು ಅದರ ತಿರುಳು. ಜರ್ಮನಿಯಲ್ಲಿ ಹಿಟ್ಲರನ ನಾಜಿ ಪಕ್ಷ ಇದಕ್ಕೆ ಜನಾಂಗ ದ್ವೇಷವನ್ನು ಸೇರಿಸಿತು. ಯೆಹೂದ್ಯರು ಶತ್ರುಗಳು, ಸ್ಲಾವ್ ಜನರು ಕೀಳು ಜನಾಂಗ, ಪೂರ್ವದ ಭೂಮಿ ಜರ್ಮನರು ನೆಲೆಸಲು ಬೇಕಾದ ಜಾಗ ಎಂದು ಅದು ಸಾರಿತು.

ಈ ಮೂರೂ ಒಂದನ್ನೊಂದು ನಂಬಲಿಲ್ಲ. ಮೂವರು ಪರಸ್ಪರ ವೈರಿಗಳಿದ್ದಾಗ ಯಾವ ಇಬ್ಬರು ಒಂದಾಗುತ್ತಾರೆ ಎಂಬುದೇ ಮೂರನೆಯವನ ಹಣೆಬರಹ. ‘ಶತ್ರುವಿನ ಶತ್ರು ಮಿತ್ರ’ ಎಂಬ ಲೆಕ್ಕಾಚಾರ ನಮಗೆ ಹೊಸದಲ್ಲ. ಕೌಟಿಲ್ಯನ ‘ಅರ್ಥಶಾಸ್ತ್ರ’ದಲ್ಲಿ ಬರುವ ರಾಜಮಂಡಲದ ವಿಚಾರ ಇದನ್ನೇ ಹೇಳುತ್ತದೆ: ನೆರೆಯ ರಾಜ ಶತ್ರು, ಅವನಾಚೆಯ ರಾಜ ಮಿತ್ರ. ಆ ಗ್ರಂಥವನ್ನು 1909ರಲ್ಲಿ ಮುದ್ರಿಸಿ ಜಗತ್ತಿನ ಮುಂದಿಟ್ಟವರು ಮೈಸೂರಿನ ಪ್ರಾಚ್ಯವಿದ್ಯಾ ಗ್ರಂಥಾಲಯದ ಆರ್. ಶಾಮಶಾಸ್ತ್ರಿಗಳು. ಯೂರೋಪಿನ ಮುತ್ಸದ್ದಿಗಳು 1930ರ ದಶಕದಲ್ಲಿ ಆಡಿದ ಆಟ ಬಹುಮಟ್ಟಿಗೆ ಈ ಮಂಡಲದ ಆಟವೇ. ಆದರೆ ಒಂದು ಮುಖ್ಯ ವ್ಯತ್ಯಾಸವಿತ್ತು. ಅದನ್ನು ಮುಂದೆ ನೋಡೋಣ.

ಒಂದಾಗದೆ ಸೋತವರು

ಹಿಟ್ಲರ್ ಅಧಿಕಾರಕ್ಕೆ ಬಂದದ್ದು 1933ರ ಜನವರಿ 30ರಂದು. ಅದಕ್ಕೆ ಸ್ವಲ್ಪ ಹಿಂದೆ, 1932ರ ನವೆಂಬರಿನಲ್ಲಿ ಜರ್ಮನಿಯ ಸಂಸತ್ತಿಗೆ ನಡೆದ ಚುನಾವಣೆಯ ಅಂಕಿಗಳನ್ನು ನೋಡಿ. ನಾಜಿ ಪಕ್ಷಕ್ಕೆ 196 ಸ್ಥಾನ. ಸೋಷಿಯಲ್ ಡೆಮಾಕ್ರಟಿಕ್ ಪಕ್ಷಕ್ಕೆ 121, ಕಮ್ಯೂನಿಸ್ಟರಿಗೆ 100. ಕಾರ್ಮಿಕರ ಹೆಸರಿನಲ್ಲಿ ನಿಂತ ಈ ಎರಡು ಪಕ್ಷಗಳನ್ನು ಕೂಡಿಸಿದರೆ 221. ಅಂದರೆ ನಾಜಿಗಳಿಗಿಂತ 25 ಹೆಚ್ಚು.

ಆದರೆ ಅವು ಕೂಡಲಿಲ್ಲ. ಮಾಸ್ಕೋದಲ್ಲಿದ್ದ ಕಮ್ಯೂನಿಸ್ಟ್ ಅಂತರರಾಷ್ಟ್ರೀಯ ಸಂಘಟನೆ, ಅಂದರೆ ಕಾಮಿಂಟರ್ನ್, ಸೋಷಿಯಲ್ ಡೆಮಾಕ್ರಟರನ್ನು ‘ಸಾಮಾಜಿಕ ಫ್ಯಾಸಿಸ್ಟರು’ ಎಂದು ಕರೆಯುತ್ತಿತ್ತು. ಸೋಷಿಯಲ್ ಡೆಮಾಕ್ರಟರಿಗೂ ಕಮ್ಯೂನಿಸ್ಟರ ಮೇಲೆ ನಂಬಿಕೆ ಇರಲಿಲ್ಲ. 1919ರ ಬಂಡಾಯವನ್ನು ಅವರ ಸರ್ಕಾರ ರಕ್ತ ಹರಿಸಿ ಅಡಗಿಸಿದ್ದ ನೆನಪು ಇಬ್ಬರಲ್ಲೂ ಹಸಿಯಾಗಿತ್ತು. ಕೆಲವೇ ತಿಂಗಳಲ್ಲಿ ಎರಡೂ ಪಕ್ಷಗಳು ನಿಷೇಧಕ್ಕೆ ಒಳಗಾದವು. ಎರಡರ ಮುಖಂಡರೂ ಒಂದೇ ಬಂದಿಶಿಬಿರಗಳಿಗೆ ಹೋದರು. ಕಾಮಿಂಟರ್ನ್ ತನ್ನ ನೀತಿ ಬದಲಿಸಿ, ಫ್ಯಾಸಿಸಂ ವಿರುದ್ಧ ಎಲ್ಲರೂ ಒಂದಾಗಿ ‘ಜನತಾ ರಂಗ’ ಕಟ್ಟಬೇಕು ಎಂದು ಕರೆಕೊಟ್ಟದ್ದು 1935ರಲ್ಲಿ. ಜರ್ಮನಿಯ ಮಟ್ಟಿಗೆ ಅದು ಊರು ಕೊಳ್ಳೆಹೋದ ಮೇಲೆ ಕೋಟೆ ಬಾಗಿಲು ಹಾಕಿದಂತಾಯಿತು.

ಇನ್ನೊಂದು ಕಡೆ, ಫ್ಯಾಸಿಸ್ಟರು ಮೊದಲಿನಿಂದಲೂ ಒಗ್ಗಟ್ಟಾಗಿದ್ದರೆ? ಅದೂ ಇಲ್ಲ. 1934ರ ಜುಲೈನಲ್ಲಿ ಆಸ್ಟ್ರಿಯಾದ ನಾಜಿಗಳು ಅಲ್ಲಿಯ ಚಾನ್ಸಲರ್ ಡೋಲ್‌ಫುಸ್‌ನನ್ನು ಕೊಂದಾಗ ಮುಸೊಲಿನಿ ತನ್ನ ಸೈನ್ಯವನ್ನು ಗಡಿಗೆ ಕಳುಹಿಸಿ ಹಿಟ್ಲರನಿಗೆ ಎಚ್ಚರಿಕೆ ಕೊಟ್ಟ. 1935ರ ಏಪ್ರಿಲಿನಲ್ಲಿ ಸ್ಟ್ರೆಸಾ ಎಂಬ ಊರಿನಲ್ಲಿ ಬ್ರಿಟನ್, ಫ್ರಾನ್ಸ್ ಮತ್ತು ಇಟಲಿ ಸೇರಿ ಜರ್ಮನಿಯ ವಿರುದ್ಧ ಒಟ್ಟಾಗಿ ನಿಲ್ಲುವ ಮಾತಾಡಿದವು. ಎರಡೇ ತಿಂಗಳಲ್ಲಿ ಬ್ರಿಟನ್ ತನ್ನ ಜೊತೆಗಾರರನ್ನು ಕೇಳದೆ ಜರ್ಮನಿಯೊಡನೆ ನೌಕಾ ಒಪ್ಪಂದ ಮಾಡಿಕೊಂಡು, ಬ್ರಿಟಿಷ್ ನೌಕಾಬಲದ ಶೇಕಡ 35ರಷ್ಟು ನೌಕಾಪಡೆ ಕಟ್ಟಿಕೊಳ್ಳಲು ಅದಕ್ಕೆ ಒಪ್ಪಿಗೆ ಕೊಟ್ಟಿತು. ಅಕ್ಟೋಬರಿನಲ್ಲಿ ಇಟಲಿ ಇಥಿಯೋಪಿಯಾದ ಮೇಲೆ ದಾಳಿ ಮಾಡಿತು. ರಾಷ್ಟ್ರಸಂಘ ಇಟಲಿಯ ಮೇಲೆ ಆರ್ಥಿಕ ದಿಗ್ಬಂಧನ ಹಾಕಿತು, ಆದರೆ ಯುದ್ಧಕ್ಕೆ ಅತ್ಯಗತ್ಯವಾದ ತೈಲವನ್ನು ಅದರಿಂದ ಬಿಟ್ಟಿತು. ಇಥಿಯೋಪಿಯಾವೂ ಉಳಿಯಲಿಲ್ಲ, ಇಟಲಿಯ ಸ್ನೇಹವೂ ಉಳಿಯಲಿಲ್ಲ. 1936ರ ನವೆಂಬರಿನಲ್ಲಿ ಮುಸೊಲಿನಿ ರೋಮ್ ಮತ್ತು ಬರ್ಲಿನ್ ನಡುವಿನ ಗೆರೆಯನ್ನು ಯೂರೋಪು ಸುತ್ತಬೇಕಾದ ‘ಅಕ್ಷ’ ಎಂದು ಬಣ್ಣಿಸಿದ. ಅಕ್ಷರಾಷ್ಟ್ರ ಎಂಬ ಹೆಸರು ಬಂದದ್ದು ಹೀಗೆ. ಅದೇ ತಿಂಗಳು ಜರ್ಮನಿ ಮತ್ತು ಜಪಾನ್ ಕಮ್ಯೂನಿಸ್ಟ್ ವಿರೋಧಿ ಒಪ್ಪಂದಕ್ಕೆ ಸಹಿ ಹಾಕಿದವು.

ಮ್ಯೂನಿಕ್: ಹೊರಗೆ ನಿಂತ ದೇಶ

1938ರ ಸೆಪ್ಟೆಂಬರ್ ಕೊನೆಯಲ್ಲಿ ನಾಲ್ವರು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸೇರಿದರು. ಬ್ರಿಟನ್ನಿನ ಚೇಂಬರ್ಲಿನ್, ಫ್ರಾನ್ಸಿನ ದಲಾದಿಯೆ, ಮುಸೊಲಿನಿ ಮತ್ತು ಹಿಟ್ಲರ್. ಚರ್ಚೆಯ ವಿಷಯ ಜೆಕೊಸ್ಲೊವಾಕಿಯ. ಅಲ್ಲಿಯ ಸುಡೆಟೆನ್ ಪ್ರದೇಶದಲ್ಲಿ ಜರ್ಮನ್ ಭಾಷಿಕರು ಹೆಚ್ಚಾಗಿದ್ದರು. ಅದು ತನಗೆ ಬೇಕು ಎಂಬುದು ಹಿಟ್ಲರನ ಬೇಡಿಕೆ. ನಾಲ್ವರೂ ಒಪ್ಪಿ ಸಹಿ ಹಾಕಿದರು. ಯಾವ ದೇಶವನ್ನು ಕತ್ತರಿಸಲಾಯಿತೋ ಆ ದೇಶದ ಪ್ರತಿನಿಧಿಗಳು ಸಭೆಯಲ್ಲಿ ಇರಲಿಲ್ಲ. ತೀರ್ಮಾನವನ್ನು ಅವರಿಗೆ ಆಮೇಲೆ ತಿಳಿಸಲಾಯಿತು. ಜೆಕೊಸ್ಲೊವಾಕಿಯಕ್ಕೆ ರಕ್ಷಣೆಯ ಭರವಸೆ ಕೊಟ್ಟಿದ್ದ ಸೋವಿಯತ್ ಒಕ್ಕೂಟವನ್ನೂ ಕರೆದಿರಲಿಲ್ಲ.

ಚೇಂಬರ್ಲಿನ್ ಹೀಗೇಕೆ ಮಾಡಿದ? ಅವನನ್ನು ಹೇಡಿ ಎಂದು ಒಂದೇ ಮಾತಿನಲ್ಲಿ ತಳ್ಳಿಹಾಕುವುದು ಸುಲಭ. ಆದರೆ ಮೊದಲ ಮಹಾಯುದ್ಧದಲ್ಲಿ ಲಕ್ಷಾಂತರ ಯುವಕರನ್ನು ಕಳೆದುಕೊಂಡ ಬ್ರಿಟಿಷ್ ಜನತೆಗೆ ಮತ್ತೊಂದು ಯುದ್ಧ ಬೇಕಿರಲಿಲ್ಲ. ಸೈನ್ಯದ ಸಿದ್ಧತೆಯೂ ಸಾಲದಾಗಿತ್ತು. ಸ್ಟಾಲಿನ್ನನ ಮೇಲಿನ ಅಪನಂಬಿಕೆ ಅವನಿಗೆ ಆಳವಾಗಿತ್ತು. ಬ್ರಿಟನ್ನಿನ ಮೇಲ್ವರ್ಗದಲ್ಲಿ ಅನೇಕರು ಹಿಟ್ಲರನನ್ನು ಕಮ್ಯೂನಿಸಂಗೆ ತಡೆಗೋಡೆ ಎಂದು ಭಾವಿಸಿದ್ದರು. ತುಷ್ಟೀಕರಣ ನೀತಿ ಎಂದು ನೀವು ಓದುವ ನೀತಿಯ ಹಿನ್ನೆಲೆ ಇದು. ಅದರ ಫಲ ಬೇಗ ಕಂಡಿತು. 1939ರ ಮಾರ್ಚ್ 15ರಂದು ಜರ್ಮನ್ ಸೈನ್ಯ ರಾಜಧಾನಿ ಪ್ರಾಗ್‌ಗೆ ನುಗ್ಗಿತು.

ಇಲ್ಲಿ ಇನ್ನೊಂದು ಕಹಿ ಸಂಗತಿಯೂ ಇದೆ. ಮ್ಯೂನಿಕ್ ಒಪ್ಪಂದವಾದ ಕೂಡಲೇ ಪೋಲೆಂಡ್ ಸಹ ಜೆಕೊಸ್ಲೊವಾಕಿಯದ ಟೆಶೆನ್ ಎಂಬ ಪ್ರದೇಶವನ್ನು ಕಿತ್ತುಕೊಂಡಿತು. ಒಂದು ವರ್ಷದೊಳಗೆ ಪೋಲೆಂಡಿನ ಸರದಿಯೇ ಬಂತು.

ಮಾಸ್ಕೋದ ಆ ರಾತ್ರಿ

ಪ್ರಾಗ್ ಹೋದ ಮೇಲೆ ಬ್ರಿಟನ್ ಮತ್ತು ಫ್ರಾನ್ಸ್ ಎಚ್ಚೆತ್ತು ಪೋಲೆಂಡಿಗೆ ರಕ್ಷಣೆಯ ಭರವಸೆ ಕೊಟ್ಟವು. ಆದರೆ ಭೂಪಟ ತೆಗೆದು ನೋಡಿ. ಲಂಡನ್ನಿನಿಂದ ಪೋಲೆಂಡನ್ನು ಉಳಿಸುವುದು ಹೇಗೆ? ಹತ್ತಿರವಿದ್ದ ದೊಡ್ಡ ಶಕ್ತಿ ಸೋವಿಯತ್ ಒಕ್ಕೂಟ ಒಂದೇ. ಆದ್ದರಿಂದ 1939ರ ಆಗಸ್ಟಿನಲ್ಲಿ ಬ್ರಿಟಿಷ್ ಮತ್ತು ಫ್ರೆಂಚ್ ಸೇನಾ ನಿಯೋಗವೊಂದು ಮಾಸ್ಕೋಗೆ ಹೋಯಿತು. ವಿಮಾನದಲ್ಲಲ್ಲ, ನಿಧಾನವಾಗಿ ಸಾಗುವ ಹಡಗಿನಲ್ಲಿ. ಸೋವಿಯತ್ ರಕ್ಷಣಾ ಮುಖ್ಯಸ್ಥ ವೊರೊಶಿಲೊವ್ ಕೇಳಿದ ಪ್ರಶ್ನೆ ನೇರವಾಗಿತ್ತು: ಜರ್ಮನಿಯನ್ನು ಎದುರಿಸಲು ನಮ್ಮ ಸೈನ್ಯ ಪೋಲೆಂಡಿನ ಮೂಲಕ ಹೋಗಬೇಕು, ಅದಕ್ಕೆ ಪೋಲೆಂಡ್ ಒಪ್ಪುತ್ತದೆಯೇ? ಪೋಲೆಂಡ್ ಒಪ್ಪಲಿಲ್ಲ. 1920ರಲ್ಲಿ ಕೆಂಪು ಸೈನ್ಯ ತನ್ನ ರಾಜಧಾನಿಯ ಬಾಗಿಲವರೆಗೆ ಬಂದದ್ದನ್ನು ಆ ದೇಶ ಮರೆತಿರಲಿಲ್ಲ. ಒಮ್ಮೆ ಒಳಗೆ ಬಿಟ್ಟ ಸೈನ್ಯ ಹೊರಗೆ ಹೋದೀತೇ ಎಂಬ ಅದರ ಅಂಜಿಕೆ ನಿರಾಧಾರವಾಗಿರಲಿಲ್ಲ.

ಇತ್ತ ಹಿಟ್ಲರ್ ತನ್ನ ವಿದೇಶಾಂಗ ಮಂತ್ರಿ ರಿಬೆಂಟ್ರಾಪ್‌ನನ್ನು ವಿಮಾನದಲ್ಲಿ ಮಾಸ್ಕೋಗೆ ಕಳುಹಿಸಿದ. ಆಗಸ್ಟ್ 23ರ ರಾತ್ರಿ ಅವನೂ ಸೋವಿಯತ್ ವಿದೇಶಾಂಗ ಮಂತ್ರಿ ಮೊಲೊಟೊವ್‌ನೂ ಸಹಿ ಹಾಕಿದರು. ಹತ್ತು ವರ್ಷ ಪರಸ್ಪರ ಆಕ್ರಮಣ ಮಾಡುವುದಿಲ್ಲ ಎಂಬುದು ಬಹಿರಂಗ ಒಪ್ಪಂದ. ಅದರ ಜೊತೆ ಒಂದು ಗುಪ್ತ ಒಡಂಬಡಿಕೆಯೂ ಇತ್ತು. ಪೋಲೆಂಡ್ ಇಬ್ಭಾಗ, ಫಿನ್‌ಲೆಂಡ್, ಎಸ್ಟೋನಿಯ, ಲಾಟ್ವಿಯ ಸೋವಿಯತ್ ಪ್ರಭಾವ ವಲಯಕ್ಕೆ, ಲಿಥುವೇನಿಯ ಮೊದಲು ಜರ್ಮನಿಯ ಪಾಲಿಗೆ, ಸೆಪ್ಟೆಂಬರಿನ ತಿದ್ದುಪಡಿಯ ಪ್ರಕಾರ ಸೋವಿಯತ್ ಪಾಲಿಗೆ. ಈ ದೇಶಗಳ ಯಾವ ಪ್ರತಿನಿಧಿಯೂ ಆ ಕೋಣೆಯಲ್ಲಿ ಇರಲಿಲ್ಲ.

ಸ್ಟಾಲಿನ್ ಪಡೆದದ್ದು ಸಮಯ ಮತ್ತು ನೆಲ. ಹಿಟ್ಲರ್ ಪಡೆದದ್ದು ಎರಡು ದಿಕ್ಕಿನ ಯುದ್ಧದಿಂದ ಬಿಡುಗಡೆ. ಸೆಪ್ಟೆಂಬರ್ 1ರಂದು ಪೋಲೆಂಡಿನ ಪಶ್ಚಿಮದಿಂದ ಜರ್ಮನ್ ಸೈನ್ಯ, 17ರಂದು ಪೂರ್ವದಿಂದ ಸೋವಿಯತ್ ಸೈನ್ಯ ಒಳನುಗ್ಗಿದವು. ಸೋವಿಯತ್ ಸೆರೆಯಲ್ಲಿದ್ದ ಪೋಲಿಷ್ ಸೇನಾಧಿಕಾರಿಗಳು, ಪೊಲೀಸರು ಮತ್ತು ವಿದ್ಯಾವಂತರಲ್ಲಿ ಸುಮಾರು 22,000 ಮಂದಿಯನ್ನು 1940ರಲ್ಲಿ ಕಟೀನ್ ಅರಣ್ಯ ಮತ್ತಿತರ ಸ್ಥಳಗಳಲ್ಲಿ ಗುಂಡಿಟ್ಟು ಕೊಲ್ಲಲಾಯಿತು. ಇದು ತನ್ನ ಕೃತ್ಯ ಎಂದು ಸೋವಿಯತ್ ಸರ್ಕಾರ ಒಪ್ಪಿಕೊಂಡದ್ದು 1990ರಲ್ಲಿ.

ನಂಬಿದವರ ಪಾಡು

ಒಪ್ಪಂದದ ಸುದ್ದಿ ಕೇಳಿ ದಿಗ್ಭ್ರಮೆಗೊಂಡವರಲ್ಲಿ ಜಪಾನ್ ಮೊದಲನೆಯದು. ಆಗ ಜಪಾನೀ ಸೈನ್ಯ ಮಂಗೋಲಿಯದ ಗಡಿಯಲ್ಲಿ ಸೋವಿಯತ್ ಸೈನ್ಯದೊಡನೆ ಹೋರಾಡಿ ಸೋಲುತ್ತಿತ್ತು. ಅದೇ ಹೊತ್ತಿನಲ್ಲಿ ತನ್ನ ಸ್ನೇಹಿತ ಜರ್ಮನಿ ಶತ್ರುವಿನ ಕೈಹಿಡಿದದ್ದನ್ನು ಕಂಡು ಪ್ರಧಾನಿ ಹಿರನುಮನ ಮಂತ್ರಿಮಂಡಲ ರಾಜೀನಾಮೆ ಕೊಟ್ಟಿತು. ಜಪಾನ್ ದಕ್ಷಿಣದ ಕಡೆ ಕಣ್ಣು ಹಾಯಿಸತೊಡಗಿತು. 1941ರ ಏಪ್ರಿಲಿನಲ್ಲಿ ತಾನೂ ಸೋವಿಯತ್ ಒಕ್ಕೂಟದೊಡನೆ ತಟಸ್ಥತೆಯ ಒಪ್ಪಂದ ಮಾಡಿಕೊಂಡಿತು.

ಸರ್ಕಾರಗಳು ಹೀಗೆ ಮಗ್ಗುಲು ಬದಲಿಸಬಹುದು. ಸಿದ್ಧಾಂತವನ್ನು ಮನಸಾರೆ ನಂಬಿದ ಸಾಮಾನ್ಯ ಕಾರ್ಯಕರ್ತನ ಗತಿ ಏನು? ಬ್ರಿಟನ್ನಿನ ಕಮ್ಯೂನಿಸ್ಟ್ ಪಕ್ಷದ ಪ್ರಧಾನ ಕಾರ್ಯದರ್ಶಿ ಹ್ಯಾರಿ ಪಾಲಿಟ್ ಯುದ್ಧ ಆರಂಭವಾದಾಗ ಹಿಟ್ಲರನ ವಿರುದ್ಧ ಹೋರಾಡಬೇಕೆಂದು ಬರೆದರು. ಇದು ಸಾಮ್ರಾಜ್ಯಶಾಹಿಗಳ ಯುದ್ಧ, ಬೆಂಬಲಿಸಬಾರದು ಎಂದು ಮಾಸ್ಕೋದ ಸೂಚನೆ ಬಂತು. ಪಾಲಿಟ್ ಸ್ಥಾನ ಕಳೆದುಕೊಂಡರು. 1941ರಲ್ಲಿ ಮಾಸ್ಕೋದ ನಿಲುವು ತಿರುಗಿದಾಗ ಅದೇ ಸ್ಥಾನಕ್ಕೆ ಮರಳಿದರು.

ಮಾರ್ಗರೆಟೆ ಬೂಬರ್ ನಾಯ್ಮನ್ ಅವರ ಕಥೆ ಇನ್ನೂ ದಾರುಣ. ಜರ್ಮನಿಯ ಕಮ್ಯೂನಿಸ್ಟರಾದ ಅವರು ಪತಿಯೊಡನೆ ಮಾಸ್ಕೋದಲ್ಲಿ ಆಶ್ರಯ ಪಡೆದಿದ್ದರು. ಸ್ಟಾಲಿನ್ನನ ಪೊಲೀಸರು 1937ರಲ್ಲಿ ಪತಿಯನ್ನು ಕೊಂದರು. ಮರುವರ್ಷ ಅವರನ್ನು ಬಂಧಿಸಿ ಕರಗಂಡದ ದುಡಿಮೆ ಶಿಬಿರಕ್ಕೆ ಅಟ್ಟಿದರು. ಒಪ್ಪಂದದ ನಂತರ, 1940ರಲ್ಲಿ, ಬ್ರೆಸ್ಟ್‌ನ ಸೇತುವೆಯ ಮೇಲೆ ಸೋವಿಯತ್ ಅಧಿಕಾರಿಗಳು ಅವರನ್ನು ಇತರರೊಡನೆ ಹಿಟ್ಲರನ ಗುಪ್ತ ಪೊಲೀಸರ ಕೈಗೆ ಒಪ್ಪಿಸಿದರು. ಮುಂದಿನ ಐದು ವರ್ಷ ರಾವೆನ್ಸ್‌ಬ್ರುಕ್ ಬಂದಿಶಿಬಿರ. ಒಂದೇ ವ್ಯಕ್ತಿ ಎರಡು ಪರಸ್ಪರ ವಿರೋಧಿ ಸಿದ್ಧಾಂತಗಳ ಸೆರೆಮನೆಗಳನ್ನು ಕಂಡು, ಬದುಕಿ, ಬರೆದಿಟ್ಟರು.

1941: ಪಟ್ಟಿ ತಿರುಗಿದ ವರ್ಷ

1941ರ ಜೂನ್ 22ರ ಬೆಳಗಿನ ಜಾವ 30 ಲಕ್ಷಕ್ಕೂ ಹೆಚ್ಚು ಸೈನಿಕರ ಪಡೆ ಸೋವಿಯತ್ ಗಡಿಯನ್ನು ದಾಟಿತು. ಒಪ್ಪಂದದಂತೆ ಧಾನ್ಯ ತುಂಬಿದ ಸೋವಿಯತ್ ರೈಲುಗಳು ಕೆಲವೇ ಗಂಟೆಗಳ ಹಿಂದಿನವರೆಗೂ ಜರ್ಮನಿಯ ಕಡೆ ಹೋಗುತ್ತಿದ್ದವು.

ಮಂಡಲದ ಆಟಕ್ಕೂ ಇದಕ್ಕೂ ಇರುವ ವ್ಯತ್ಯಾಸ ಎಂದೆವಲ್ಲ, ಅದು ಇಲ್ಲಿದೆ. ಬರೀ ಲಾಭನಷ್ಟದ ಲೆಕ್ಕ ಹಾಕಿದ್ದರೆ ಹಿಟ್ಲರ್ ಈ ಒಪ್ಪಂದ ಮುರಿಯಬೇಕಾಗಿರಲಿಲ್ಲ. ಬೇಕಾದ ಧಾನ್ಯ, ತೈಲ ಅವನಿಗೆ ಬರುತ್ತಲೇ ಇತ್ತು; ಬ್ರಿಟನ್ ಇನ್ನೂ ಸೋತಿರಲಿಲ್ಲ. ಆದರೆ ಪೂರ್ವದ ನೆಲವನ್ನು ಗೆದ್ದು ಅಲ್ಲಿಯ ಜನರನ್ನು ಅಳಿಸುವುದು ನಾಜಿ ಸಿದ್ಧಾಂತದ ಹೃದಯದಲ್ಲೇ ಇತ್ತು. ಆದ್ದರಿಂದಲೇ ಆ ಯುದ್ಧ ಹಿಂದಿನ ಯುದ್ಧಗಳಂತೆ ನಡೆಯಲಿಲ್ಲ. ಸೆರೆಸಿಕ್ಕ ಸೋವಿಯತ್ ಸೈನಿಕರಲ್ಲಿ ಸುಮಾರು 30 ಲಕ್ಷ ಮಂದಿ ಹಸಿವು, ಚಳಿ, ಗುಂಡಿಗೆ ಬಲಿಯಾದರು. ಯೂರೋಪಿನ ಸುಮಾರು 60 ಲಕ್ಷ ಯೆಹೂದ್ಯರನ್ನು ಕೊಲ್ಲಲಾಯಿತು. ಒಟ್ಟು ಸೋವಿಯತ್ ಸಾವುಗಳು ಸುಮಾರು 2.7 ಕೋಟಿ. ಯಾರು ಯಾರೊಡನೆ ನಿಲ್ಲಬೇಕು ಎಂಬುದನ್ನು ಭಯ ಮತ್ತು ಸ್ವಹಿತ ನಿರ್ಧರಿಸಿದವು. ಗೆದ್ದವನು ಗೆದ್ದ ನೆಲದಲ್ಲಿ ಏನು ಮಾಡುತ್ತಾನೆ ಎಂಬುದನ್ನು ಸಿದ್ಧಾಂತ ನಿರ್ಧರಿಸಿತು. ಈ ಎರಡನ್ನೂ ಬಿಡಿಸಿ ನೋಡಲು ಕಲಿತರೆ ಈ ಯುದ್ಧ ಅರ್ಥವಾಗುತ್ತದೆ.

ರಷ್ಯಾ ಕ್ರಾಂತಿಯನ್ನು ತೊಟ್ಟಿಲಲ್ಲೇ ಹೊಸಕಬೇಕೆಂದು 1919ರಲ್ಲಿ ವಾದಿಸಿದ್ದ ಚರ್ಚಿಲ್ ಈಗ ಬ್ರಿಟನ್ನಿನ ಪ್ರಧಾನಿ. ದಾಳಿಯ ದಿನ ಸಂಜೆಯೇ ಅವನು ರೇಡಿಯೋದಲ್ಲಿ ರಷ್ಯಾಕ್ಕೆ ನೆರವು ಘೋಷಿಸಿದ. ಅಮೆರಿಕ ಕೊಟ್ಟ ವಾಹನಗಳ ಸಂಖ್ಯೆಯೇ ಸುಮಾರು 4 ಲಕ್ಷ. ಈ ಸಾಮಗ್ರಿ ಸಾಗಿಸಲು ದಾರಿ ಬೇಕೆಂದು 1941ರ ಆಗಸ್ಟಿನಲ್ಲಿ ಬ್ರಿಟನ್ ಮತ್ತು ಸೋವಿಯತ್ ಒಕ್ಕೂಟ ಸೇರಿ ತಟಸ್ಥ ದೇಶ ಇರಾನಿಗೆ ನುಗ್ಗಿದವು. ಅಲ್ಲಿಯ ಷಾ ಸಿಂಹಾಸನ ಬಿಡಬೇಕಾಯಿತು. ಇನ್ನೊಂದು ದಾರಿ ಪೆಸಿಫಿಕ್ ಸಾಗರದ್ದು. ಅಮೆರಿಕದೊಡನೆ ಯುದ್ಧದಲ್ಲಿದ್ದ ಜಪಾನ್, ಅದೇ ಅಮೆರಿಕದ ಸರಕು ಸೋವಿಯತ್ ಧ್ವಜದ ಹಡಗುಗಳಲ್ಲಿ ವ್ಲಾಡಿವಾಸ್ಟಾಕ್ ಸೇರಿ ಜರ್ಮನಿಯ ವಿರುದ್ಧ ಬಳಕೆಯಾಗಲು ಬಿಟ್ಟುಬಿಟ್ಟಿತು. ಸೋವಿಯತ್ ಒಕ್ಕೂಟದೊಡನೆ ತನಗೆ ಜಗಳ ಬೇಡವೆಂಬುದೇ ಅದರ ಕಾರಣ. ಅಕ್ಷರಾಷ್ಟ್ರಗಳ ಸ್ನೇಹ ಇಷ್ಟು ಸಡಿಲವಾಗಿತ್ತು.

ಫಿನ್‌ಲೆಂಡಿನ ಕಥೆ ನಮ್ಮ ಪಟ್ಟಿಯಲ್ಲಿ ಎಲ್ಲೂ ಕೂಡುವುದಿಲ್ಲ. ಚುನಾಯಿತ ಸರ್ಕಾರವಿದ್ದ ಆ ಪುಟ್ಟ ದೇಶದ ಮೇಲೆ 1939ರ ನವೆಂಬರಿನಲ್ಲಿ ಸೋವಿಯತ್ ಸೈನ್ಯ ದಾಳಿ ಮಾಡಿ ನೆಲ ಕಸಿದುಕೊಂಡಿತು. ಅದನ್ನು ಮರಳಿ ಪಡೆಯಲು 1941ರಲ್ಲಿ ಫಿನ್‌ಲೆಂಡ್ ಜರ್ಮನಿಯ ಜೊತೆ ನಿಂತು ಹೋರಾಡಿತು. ಪರಿಣಾಮವಾಗಿ 1941ರ ಡಿಸೆಂಬರಿನಲ್ಲಿ ಒಂದು ಪ್ರಜಾಪ್ರಭುತ್ವವಾದ ಬ್ರಿಟನ್ ಇನ್ನೊಂದು ಪ್ರಜಾಪ್ರಭುತ್ವವಾದ ಫಿನ್‌ಲೆಂಡಿನ ಮೇಲೆ ಯುದ್ಧ ಸಾರಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಎಂಬ ಗಾದೆ ನಿಮಗೆ ಗೊತ್ತು. ಇಲ್ಲಿ ದೊಡ್ಡವರು ಜಗಳವಾಡಿದಾಗಲೂ, ರಾಜಿಯಾದಾಗಲೂ ಬಡವಾದದ್ದು ಕೂಸೇ.

ಭಾರತವನ್ನು ಕೇಳಿದವರಾರು?

1939ರ ಸೆಪ್ಟೆಂಬರ್ 3ರಂದು ವೈಸರಾಯ್ ಲಿನ್‌ಲಿತ್‌ಗೋ ಭಾರತವೂ ಯುದ್ಧದಲ್ಲಿದೆ ಎಂದು ಸಾರಿದ. ಯಾವ ಭಾರತೀಯ ನಾಯಕನನ್ನೂ, ಯಾವ ಶಾಸನಸಭೆಯನ್ನೂ ಕೇಳಲಿಲ್ಲ. ಪ್ರತಿಭಟಿಸಿ ಪ್ರಾಂತ್ಯಗಳ ಕಾಂಗ್ರೆಸ್ ಮಂತ್ರಿಮಂಡಲಗಳು ರಾಜೀನಾಮೆ ಕೊಟ್ಟವು. ಧಾರವಾಡ, ಬೆಳಗಾವಿ, ವಿಜಾಪುರ, ಕಾರವಾರ ಆಗ ಸೇರಿದ್ದ ಮುಂಬಯಿ ಪ್ರಾಂತ್ಯದಲ್ಲೂ, ಮಂಗಳೂರು, ಬಳ್ಳಾರಿ ಸೇರಿದ್ದ ಮದ್ರಾಸು ಪ್ರಾಂತ್ಯದಲ್ಲೂ ಹೀಗೇ ಆಯಿತು.

ಬ್ರಿಟಿಷರು ಹೋಗಬೇಕು ಎಂಬುದರಲ್ಲಿ ನಮ್ಮ ನಾಯಕರಿಗೆ ಭಿನ್ನಾಭಿಪ್ರಾಯವಿರಲಿಲ್ಲ. ಆದರೆ ಈ ಯುದ್ಧದಲ್ಲಿ ಯಾರ ಜೊತೆ ನಿಲ್ಲಬೇಕು? ಫ್ಯಾಸಿಸಂ ಗೆದ್ದರೆ ಜಗತ್ತಿಗೇ ಕೇಡು, ಆದರೆ ಗುಲಾಮ ದೇಶ ಸ್ವಾತಂತ್ರ್ಯಕ್ಕಾಗಿ ಹೋರಾಡುವುದು ಹೇಗೆ ಎಂದು ಜವಾಹರಲಾಲ್ ನೆಹರೂ ಕೇಳಿದರು. ಫ್ಯಾಸಿಸಂನ ಸೋಲೇ ಮೊದಲು ಎಂದು ಎಂ.ಎನ್. ರಾಯ್ ಯುದ್ಧವನ್ನು ಬೆಂಬಲಿಸಿದರು. ಶತ್ರುವಿನ ಶತ್ರುವಿನ ನೆರವು ಪಡೆಯೋಣ ಎಂದು ಸುಭಾಷ್ ಚಂದ್ರ ಬೋಸ್ 1941ರಲ್ಲಿ ಬರ್ಲಿನ್ನಿಗೆ, 1943ರಲ್ಲಿ ಜಪಾನಿನ ವಶದಲ್ಲಿದ್ದ ಸಿಂಗಪುರಕ್ಕೆ ಹೋದರು. ಕಮ್ಯೂನಿಸ್ಟ್ ಪಕ್ಷ ಮೊದಲು ಇದನ್ನು ಸಾಮ್ರಾಜ್ಯಶಾಹಿ ಯುದ್ಧವೆಂದು ವಿರೋಧಿಸಿ, ಸೋವಿಯತ್ ಒಕ್ಕೂಟದ ಮೇಲೆ ದಾಳಿಯಾದ ನಂತರ ಜನತಾ ಯುದ್ಧವೆಂದು ಬೆಂಬಲಿಸಿತು. 1942ರ ‘ಭಾರತ ಬಿಟ್ಟು ತೊಲಗಿ’ ಚಳವಳಿಯಿಂದ ದೂರ ನಿಂತಿತು. ಈ ನಾಲ್ವರಲ್ಲಿ ಯಾರು ಸರಿ ಎಂದು ತೀರ್ಪು ಕೊಡುವ ಮೊದಲು, ಆ ಗಳಿಗೆಯಲ್ಲಿ ಯುದ್ಧದ ಅಂತ್ಯ ಯಾರಿಗೂ ತಿಳಿದಿರಲಿಲ್ಲ ಎಂಬುದನ್ನು ನೆನೆಯಿರಿ.

1941ರ ಆಗಸ್ಟಿನಲ್ಲಿ ರೂಸ್‌ವೆಲ್ಟ್ ಮತ್ತು ಚರ್ಚಿಲ್ ಅಟ್ಲಾಂಟಿಕ್ ಸನ್ನದು ಹೊರಡಿಸಿ, ಎಲ್ಲ ಜನರಿಗೂ ತಮ್ಮ ಸರ್ಕಾರವನ್ನು ತಾವೇ ಆರಿಸಿಕೊಳ್ಳುವ ಹಕ್ಕಿದೆ ಎಂದರು. ಮರುತಿಂಗಳೇ ಚರ್ಚಿಲ್, ಸನ್ನದಿನ ಉದ್ದೇಶ ನಾಜಿ ಹಿಡಿತದ ಯೂರೋಪು, ಭಾರತದ ಪ್ರಶ್ನೆ ಬೇರೆ ಎಂದು ಸಂಸತ್ತಿನಲ್ಲಿ ಸ್ಪಷ್ಟಪಡಿಸಿದ. ಆದರೂ ಯುದ್ಧದ ಕೊನೆಗೆ ಭಾರತೀಯ ಸೈನ್ಯ ಸುಮಾರು 25 ಲಕ್ಷಕ್ಕೆ ಬೆಳೆದಿತ್ತು. ನಮ್ಮ ಮೈಸೂರು ಸಂಸ್ಥಾನದಲ್ಲೇ ಈ ಇಬ್ಬಂದಿಯ ಎರಡು ಮುಖಗಳಿವೆ. 1940ರಲ್ಲಿ ಬೆಂಗಳೂರಿನಲ್ಲಿ ಹುಟ್ಟಿದ ಹಿಂದೂಸ್ಥಾನ್ ಏರ್‌ಕ್ರಾಫ್ಟ್ ಕಾರ್ಖಾನೆ ಮಿತ್ರರಾಷ್ಟ್ರಗಳ ಯುದ್ಧವಿಮಾನಗಳನ್ನು ದುರಸ್ತಿ ಮಾಡುತ್ತಿತ್ತು. 1942ರಲ್ಲಿ ಶಿಕಾರಿಪುರ ತಾಲ್ಲೂಕಿನ ಈಸೂರು ಗ್ರಾಮ ತಾನು ಸ್ವತಂತ್ರ ಎಂದು ಸಾರಿತು. ಮರುವರ್ಷ ಅಲ್ಲಿಯ ಐವರನ್ನು ಗಲ್ಲಿಗೇರಿಸಲಾಯಿತು.

ಗೆಲುವಿನ ನಂತರ

ಸಮಾನ ಶತ್ರು ಸೋತೊಡನೆ ಮೈತ್ರಿಯ ಅಂಟು ಬಿಟ್ಟಿತು. 1945ರ ಫೆಬ್ರವರಿಯಲ್ಲಿ ಯಾಲ್ಟಾದಲ್ಲಿ ರೂಸ್‌ವೆಲ್ಟ್, ಚರ್ಚಿಲ್, ಸ್ಟಾಲಿನ್ ಸೇರಿ ಪೋಲೆಂಡಿನ ಹೊಸ ಗಡಿ, ಹೊಸ ಸರ್ಕಾರದ ಬಗ್ಗೆ ತೀರ್ಮಾನಿಸಿದರು. ಲಂಡನ್ನಿನಲ್ಲಿದ್ದ ಪೋಲೆಂಡಿನ ದೇಶಭ್ರಷ್ಟ ಸರ್ಕಾರಕ್ಕೆ ಆ ಸಭೆಗೆ ಕರೆ ಇರಲಿಲ್ಲ. ಯಾವ ದೇಶಕ್ಕಾಗಿ ಬ್ರಿಟನ್ 1939ರಲ್ಲಿ ಯುದ್ಧ ಸಾರಿತೋ ಆ ದೇಶ ಒಬ್ಬರ ಹಿಡಿತದಿಂದ ಇನ್ನೊಬ್ಬರ ಹಿಡಿತಕ್ಕೆ ಹೋಯಿತು. ಹತ್ತು ವರ್ಷದಲ್ಲಿ ಪಟ್ಟಿ ಮತ್ತೆ ತಿರುಗಿತು. 1949ರಲ್ಲಿ ಅಮೆರಿಕದ ನೇತೃತ್ವದಲ್ಲಿ ನ್ಯಾಟೋ ಹುಟ್ಟಿತು. 1955ರಲ್ಲಿ ಹಳೆಯ ಶತ್ರು ಜರ್ಮನಿಯ ಪಶ್ಚಿಮ ಭಾಗ ಅದರ ಸದಸ್ಯನಾಯಿತು. ಅದೇ ತಿಂಗಳು ಹಳೆಯ ಮಿತ್ರ ಸೋವಿಯತ್ ಒಕ್ಕೂಟ ವಾರ್ಸಾ ಒಪ್ಪಂದದ ಗುಂಪು ಕಟ್ಟಿತು.

ಹಾಗಾದರೆ ಮೈತ್ರಿಯೆಲ್ಲ ಬೂಟಾಟಿಕೆ, ಸಿದ್ಧಾಂತವೆಲ್ಲ ಸುಳ್ಳು ಎಂದು ತೀರ್ಮಾನಿಸಬೇಕೆ? ಬೇಡ. 1941ರ ಮೈತ್ರಿ ಇಲ್ಲದಿದ್ದರೆ ನಾಜಿಸಂ ಸೋಲುತ್ತಿರಲಿಲ್ಲ; 1932ರಲ್ಲಿ ಮೈತ್ರಿ ಆಗದ ಕಾರಣಕ್ಕೇ ಅದು ಗೆದ್ದದ್ದು ಸುಲಭವಾಯಿತು. ಮೈತ್ರಿ ಬೇಕು. ಆದರೆ ಅದನ್ನು ಕಣ್ಣುಮುಚ್ಚಿ ಹೊಗಳಬಾರದು. ಇತಿಹಾಸದಲ್ಲಾಗಲಿ, ಇಂದಿನ ವಾರ್ತೆಯಲ್ಲಾಗಲಿ ಯಾವುದೇ ಒಪ್ಪಂದದ ಸುದ್ದಿ ಬಂದಾಗ ಮೂರು ಪ್ರಶ್ನೆ ಕೇಳಿ. ಇವರನ್ನು ಒಂದುಗೂಡಿಸಿದ ಭಯ ಯಾವುದು? ಆ ಭಯ ಕಳೆದ ಮೇಲೂ ಉಳಿಯುವ ಸಮಾನ ನಂಬಿಕೆ ಏನಾದರೂ ಇದೆಯೇ? ಆ ಕೋಣೆಯಲ್ಲಿ ಇಲ್ಲದವರು ಯಾರು?

ಮೂರನೆಯ ಪ್ರಶ್ನೆಯನ್ನು ಬಲವಾಗಿ ಕೇಳಿದವರು ಬಾಲ್ಟಿಕ್ ದೇಶಗಳ ಜನ. ಮಾಸ್ಕೋ ಒಪ್ಪಂದಕ್ಕೆ ಐವತ್ತು ವರ್ಷ ತುಂಬಿದ 1989ರ ಆಗಸ್ಟ್ 23ರಂದು ಎಸ್ಟೋನಿಯ, ಲಾಟ್ವಿಯ, ಲಿಥುವೇನಿಯಗಳ ಸುಮಾರು 20 ಲಕ್ಷ ಜನ 600 ಕಿಲೋಮೀಟರಿಗೂ ಉದ್ದವಾಗಿ ಕೈಕೈ ಹಿಡಿದು ನಿಂತರು. ಗುಪ್ತ ಒಡಂಬಡಿಕೆ ಇರಲೇ ಇಲ್ಲ ಎಂದು ದಶಕಗಳ ಕಾಲ ವಾದಿಸಿದ್ದ ಸೋವಿಯತ್ ಒಕ್ಕೂಟ, ಅದೇ ವರ್ಷದ ಡಿಸೆಂಬರಿನಲ್ಲಿ ತನ್ನ ಜನಪ್ರತಿನಿಧಿಗಳ ಮಹಾಸಭೆಯಲ್ಲಿ ಅದನ್ನು ಒಪ್ಪಿಕೊಂಡು ಖಂಡಿಸಿತು. 1991ರಲ್ಲಿ ಮೂರೂ ದೇಶಗಳು ಸ್ವತಂತ್ರವಾದವು.

ಮುಂದಿನ ಸಲ ಅಕ್ಷರಾಷ್ಟ್ರ, ಮಿತ್ರರಾಷ್ಟ್ರಗಳ ಪಟ್ಟಿ ಬರೆಯುವಾಗ ಅದರ ತಲೆಯ ಮೇಲೆ ಒಂದು ದಿನಾಂಕ ಹಾಕಿ. ಆಮೇಲೆ ಎರಡು ಗುಂಪುಗಳ ಪಕ್ಕದಲ್ಲಿ ಮೂರನೆಯ ಸಾಲೊಂದನ್ನು ಎಳೆದು, ಯಾರನ್ನೂ ಕೇಳದೆ ಯಾರ ಭವಿಷ್ಯ ತೀರ್ಮಾನವಾಯಿತೋ ಅವರ ಹೆಸರುಗಳನ್ನು ಬರೆಯಿರಿ. ಜೆಕೊಸ್ಲೊವಾಕಿಯ, ಪೋಲೆಂಡ್, ಇರಾನ್, ಬಾಲ್ಟಿಕ್ ದೇಶಗಳು. ಅವುಗಳ ಜೊತೆಗೆ ಭಾರತ.